ಟ್ರ್ಯಾಕ್ಟರ್ ಟ್ರೇಲರ್: ತಪಾಸಣೆ ಮತ್ತು ನಿರ್ವಹಣೆ

ಟ್ರ್ಯಾಕ್ಟರ್ ಟ್ರೇಲರ್ ಎಂದರೆ ಸ್ವಂತ ಎಂಜಿನ್ ಇಲ್ಲದೆ, ಟ್ರ್ಯಾಕ್ಟರಿನ ಹಿಂದೆ ಕೊಂಡಿ ಹಾಕಿಸಿಕೊಂಡು ಸಾಗುವ ಸರಕು ಗಾಡಿ. ಆಡುಮಾತಿನಲ್ಲಿ ಇದಕ್ಕೆ ಟ್ರಾಲಿ, ಟೇಲರು, ಡಬ್ಬಿ ಎಂಬ ಹೆಸರುಗಳಿವೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಹೊಲದಿಂದ ಕಣಕ್ಕೆ, ಕಣದಿಂದ ಅಕ್ಕಿ ಗಿರಣಿಗೋ ಎಪಿಎಂಸಿಗೋ ಫಸಲು ಹೋಗುವುದು ಹೆಚ್ಚಾಗಿ ಇದರಲ್ಲೇ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ ಎಡದಂಡೆ ನಾಲೆಯ ನೀರು ಈ ಸೀಮೆಗೆ ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು. ಭತ್ತ ತೂಕದ ಬೆಳೆ. ಎತ್ತಿನ ಬಂಡಿ ಹೊರುತ್ತಿದ್ದುದಕ್ಕಿಂತ ಹಲವು ಪಟ್ಟು ಭಾರ ಈಗ ಒಂದೇ ಅಚ್ಚಿನ ಮೇಲೆ ಕೂರುತ್ತದೆ. ಎಂಜಿನ್ ಕೆಟ್ಟರೆ ಟ್ರ್ಯಾಕ್ಟರು ಹೊಗೆ ಉಗುಳುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಟ್ರೇಲರು ಹಾಗಲ್ಲ, ಅರ್ಧ ಕೆಟ್ಟಿದ್ದರೂ ಎಳೆದಷ್ಟು ದೂರ ಬರುತ್ತದೆ. ಆದ್ದರಿಂದ ಅದರ ದೋಷಗಳನ್ನು ಹುಡುಕಿಯೇ ಕಂಡುಕೊಳ್ಳಬೇಕಾಗುತ್ತದೆ. ತಪಾಸಣೆಗೆ ಇಷ್ಟು ಮಹತ್ವ ಬಂದಿರುವುದು ಈ ಕಾರಣಕ್ಕೆ.

ಟ್ರೇಲರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎರಡು ಗಾಲಿಯದು ಒಂದೇ ಅಚ್ಚಿನ ಮೇಲೆ ನಿಲ್ಲುತ್ತದೆ. ಅಚ್ಚು ಡಬ್ಬಿಯ ನಟ್ಟನಡುವೆ ಇರದೆ ತುಸು ಹಿಂದಿರುವುದರಿಂದ ಭಾರದ ಒಂದು ಪಾಲು ಕೊಂಡಿಯ ಮೂಲಕ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಬೀಳುತ್ತದೆ, ಅದರಿಂದ ಗಾಲಿಗೆ ನೆಲದ ಹಿಡಿತವೂ ಸಿಗುತ್ತದೆ. ನಾಲ್ಕು ಗಾಲಿಯದರಲ್ಲಿ ಮುಂದಿನ ಅಚ್ಚು ತಿರುಗುಮಣೆಯ ಮೇಲೆ ಕೂತಿರುತ್ತದೆ; ಟ್ರೇಲರು ತನ್ನ ಭಾರವನ್ನು ತಾನೇ ಹೊರುತ್ತದೆ, ಆದರೆ ಹಿಂದಕ್ಕೆ ತಳ್ಳುವುದು ಕಷ್ಟ. ಡಬ್ಬಿಯನ್ನು ಎತ್ತಿ ಸುರಿಯುವ ಹೈಡ್ರಾಲಿಕ್ ಜಾಕು ಎರಡೂ ಬಗೆಗಳಲ್ಲಿ ಇರಬಹುದು. ಕಾರ್ಖಾನೆಯಲ್ಲಿ ತಯಾರಾದ ಟ್ರೇಲರುಗಳ ಜೊತೆಗೆ ತಾಲ್ಲೂಕು ಕೇಂದ್ರಗಳ ವೆಲ್ಡಿಂಗ್ ಅಂಗಡಿಗಳಲ್ಲಿ ಕಟ್ಟಿಸಿದವೂ ಓಡಾಡುತ್ತವೆ. ಅಂಗಡಿಯಲ್ಲಿ ಕಟ್ಟಿಸಿದ ಟ್ರೇಲರಿನ ಗಟ್ಟಿತನ ಬೆಸುಗೆ ಹಾಕಿದವನ ಕೈಚಳಕ, ಅಚ್ಚಿಗೆ ಬಳಸಿದ ಉಕ್ಕು ಇವೆರಡನ್ನೇ ನೆಚ್ಚಿಕೊಂಡಿರುತ್ತದೆ. ಅಂಥದ್ದರ ತಪಾಸಣೆ ಇನ್ನಷ್ಟು ಬಿಗಿಯಾಗಿರಬೇಕು.

ತಪಾಸಣೆ ಶುರುವಾಗಬೇಕಾದ್ದು ಕೊಂಡಿಯಿಂದ. ಟ್ರ್ಯಾಕ್ಟರಿಗೂ ಟ್ರೇಲರಿಗೂ ಇರುವ ಸಂಬಂಧ ಒಂದು ಪಿನ್ನು ಮಾತ್ರ. ಹೊಸ ಪಿನ್ನು ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ ಇರುತ್ತದೆ. ಒಂದೆರಡು ಸುಗ್ಗಿ ದುಡಿದ ಪಿನ್ನನ್ನು ಹೊರತೆಗೆದು, ಗ್ರೀಸು ಒರೆಸಿ ಬೆಳಕಿಗೆ ಹಿಡಿದರೆ ನಡುವೆ ಸೊಂಟದಂತೆ ಸಣ್ಣಗಾಗಿರುವುದು ಕಾಣುತ್ತದೆ. ಉಗುರಿನಿಂದ ಮೇಲಿಂದ ಕೆಳಗೆ ಎಳೆದರೆ ಸವೆದ ಅಂಚಿನಲ್ಲಿ ಉಗುರು ತಡೆದು ನಿಲ್ಲುತ್ತದೆ. ವ್ಯಾಸದಲ್ಲಿ ಹತ್ತರಲ್ಲೊಂದು ಪಾಲು ಸವೆದರೆ ಪಿನ್ನಿನ ಬಲವೂ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ ಎಂದು ತಿಳಿಯುವುದು ತಪ್ಪು. ಬಾಗುವುದನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಕಾಲು ಭಾಗಕ್ಕಿಂತ ಹೆಚ್ಚು ಬಲ ಅಷ್ಟರಲ್ಲೇ ಹೋಗಿರುತ್ತದೆ. ಆ ಹಂತಕ್ಕೆ ಬಂದ ಪಿನ್ನನ್ನು ಬದಲಿಸಲೇಬೇಕು. ಪಿನ್ನು ಕೂರುವ ಕಣ್ಣು ಕೂಡ ಸವೆದು ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬರುತ್ತದೆ. ಹೊಸ ಪಿನ್ನು ಹಾಕಿದರೂ ಗಡಗಡ ನಿಲ್ಲದಿದ್ದರೆ ದೋಷ ಇರುವುದು ಕಣ್ಣಿನಲ್ಲಿ.

ಪಿನ್ನು ಕಳೆದುಹೋದಾಗ ಮನೆ ಕಟ್ಟಲು ತಂದ ಕಬ್ಬಿಣದ ಸರಳನ್ನು ತುಂಡರಿಸಿ ತೂರಿಸುವುದುಂಟು. ಕಾಂಕ್ರೀಟಿನಲ್ಲಿ ಹುದುಗಲೆಂದು ಮಾಡಿದ ಸರಳು ಹೊಡೆತ ತಿನ್ನುತ್ತ ಭಾರ ಎಳೆಯಲು ತಕ್ಕುದಲ್ಲ. ಪಿನ್ನಿನ ತುದಿಗೆ ಸಿಗಿಸುವ ಸಣ್ಣ ಕೀಲು ಕಾಣೆಯಾದಾಗ ಬೈಂಡಿಂಗ್ ತಂತಿ ಸುತ್ತುವುದೂ ಇಂಥದ್ದೇ ತಪ್ಪು. ಪಿನ್ನು ಜಿಗಿದು ಹೊರಬರುವುದು ಭಾರ ತುಂಬಿದಾಗ ಎಂದು ಹಲವರು ಭಾವಿಸುತ್ತಾರೆ. ನಿಜಕ್ಕೂ ಆ ಅಪಾಯ ಖಾಲಿ ಬರುವಾಗ ಹೆಚ್ಚು. ಗಿರಣಿಯಲ್ಲಿ ಇಳಿಸಿ ಖಾಲಿ ಡಬ್ಬಿಯೊಂದಿಗೆ ವೇಗವಾಗಿ ಮರಳುವಾಗ ಕೊಂಡಿ ಪ್ರತಿ ಗುಂಡಿಗೂ ಕುಣಿಯುತ್ತದೆ, ಕೀಲಿಲ್ಲದ ಪಿನ್ನು ಒಂದೊಂದೇ ಅಂಗುಲ ಮೇಲೇರುತ್ತದೆ. ಎತ್ತಿನ ಬಂಡಿಯ ಕಾಲದಲ್ಲಿ ಗಾಲಿ ಕಳಚದಂತೆ ಹಿಡಿದಿದ್ದದ್ದು ಬೆರಳುದ್ದದ ಕಡಾಣಿ. ಟ್ರೇಲರಿನಲ್ಲಿ ಆ ಕೆಲಸ ಮಾಡುವುದು ಈ ಕೀಲು; ಬೆಲೆ ಸಣ್ಣದು, ಹೊಣೆ ದೊಡ್ಡದು. ಕೊಂಡಿಗೆ ಜೊತೆಯಾಗಿ ಎರಡು ಸರಪಳಿಗಳನ್ನು ಟ್ರೇಲರಿನ ಮೂತಿಯ (ಮುಂದಕ್ಕೆ ಚಾಚಿದ ಕೊಂಡಿಯ ಭಾಗದ) ಕೆಳಗೆ ಕತ್ತರಿಯಾಕಾರದಲ್ಲಿ ದಾಟಿಸಿ ಕಟ್ಟಿದರೆ, ಪಿನ್ನು ತಪ್ಪಿದರೂ ಮೂತಿ ನೆಲಕ್ಕೆ ಕುಸಿಯದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ. ಕಾರಿನ ಹಿಂದೆ ದೋಣಿ ಎಳೆಯುವ ಟ್ರೇಲರುಗಳಲ್ಲಿ ಇದು ಎಂದಿನ ರೂಢಿ. ಹೊಲದ ಟ್ರೇಲರುಗಳಿಗೂ ಬಂದರೆ ಒಳ್ಳೆಯದು.

ಕೊಂಡಿಯನ್ನು ಎಲ್ಲಿ ಹಾಕಬೇಕು ಎಂಬುದೂ ಮುಖ್ಯ. ಟ್ರ್ಯಾಕ್ಟರಿನಲ್ಲಿ ಎಳೆಯಲೆಂದೇ ಮಾಡಿದ ಡ್ರಾಬಾರ್ ಅಥವಾ ಹುಕ್ಕು ಹಿಂದಿನ ಅಚ್ಚಿಗಿಂತ ಕೆಳಮಟ್ಟದಲ್ಲಿರುತ್ತದೆ. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಕಟ್ಟಿ ಹೂತುಹೋದ ಟ್ರೇಲರನ್ನು ಎಳೆದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಮಗುಚಬಹುದು, ತಪ್ಪಿಸಿಕೊಳ್ಳಲು ಒಂದೆರಡು ಸೆಕೆಂಡು ಸಹ ಸಿಗುವುದಿಲ್ಲ. ಕೊಂಡಿ ಹಾಕುವ ಗಳಿಗೆಯೂ ಅಪಾಯದ್ದೇ. ಚಾಲಕ ಹಿಂದಕ್ಕೆ ಬರುತ್ತಿರುವಾಗ ಸಹಾಯಕ ಎರಡರ ನಡುವೆ ನಿಂತು ಮೂತಿಯನ್ನು ಎತ್ತಿಹಿಡಿಯುವುದು ಹಳ್ಳಿಹಳ್ಳಿಯಲ್ಲೂ ಕಾಣುವ ನೋಟ. ಟ್ರ್ಯಾಕ್ಟರು ಪೂರ್ತಿ ನಿಂತು, ಬ್ರೇಕು ಹಾಕಿ, ಗೇರು ನ್ಯೂಟ್ರಲಿಗೆ ಬಂದ ಮೇಲಷ್ಟೇ ಸಹಾಯಕ ಒಳಗೆ ಕಾಲಿಡಬೇಕು. ಕಣ್ಣು ಸರಿಯಾಗಿ ಕೂತಿದೆಯೇ ಎಂದು ತೂತಿಗೆ ಬೆರಳು ಹಾಕಿ ನೋಡಬಾರದು.

ಕೊಂಡಿಯ ನಂತರ ಗಾಲಿ. ನಿರ್ವಹಣೆಯ ಹೆಚ್ಚಿನ ಕೆಲಸ ಇರುವುದು ಇಲ್ಲೇ. ಅಚ್ಚಿನ ತುದಿಯ ಮೇಲೆ ಹಬ್ಬು ತಿರುಗುತ್ತದೆ. ಹಬ್ಬಿನೊಳಗೆ ಒಳಬದಿಗೊಂದು, ಹೊರಬದಿಗೊಂದು ಓರೆ ಉರುಳೆಯ ಬೇರಿಂಗು. ಒಳಬದಿಯಲ್ಲಿ ಗ್ರೀಸು ಸೋರದಂತೆ, ಕೆಸರು ನುಗ್ಗದಂತೆ ಆಯಿಲ್ ಸೀಲು. ಹೊರಬದಿಯಲ್ಲಿ ಕಚ್ಚುಗಳಿರುವ ಕ್ಯಾಸಲ್ ನಟ್ಟು, ಅದನ್ನು ಕದಲದಂತೆ ಹಿಡಿಯುವ ಸ್ಪ್ಲಿಟ್ ಪಿನ್ನು, ಎಲ್ಲವನ್ನೂ ಮುಚ್ಚುವ ತಗಡಿನ ಟೋಪಿ. ಎಣ್ಣೆ ಕಾಣದ ಬಂಡಿಯ ಅಚ್ಚು ಕಿರುಗುಟ್ಟುವುದು ಊರಿಗೆಲ್ಲ ಕೇಳುತ್ತಿತ್ತು, ಒಡೆಯ ನಾಚಿಯಾದರೂ ಕೀಲೆಣ್ಣೆ ಹಾಕುತ್ತಿದ್ದ. ಟ್ರೇಲರಿನ ಒಣಗಿದ ಬೇರಿಂಗಿನ ದನಿ ಟ್ರ್ಯಾಕ್ಟರಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕಿವಿಗೆ ಕೇಳದ್ದನ್ನು ಕೈ ಮುಟ್ಟಿ ತಿಳಿಯಬೇಕು.

ಮುಟ್ಟಿ ನೋಡುವ ಕ್ರಮ ಸರಳ. ಭಾರ ಹೊತ್ತು ಎಂಟು ಹತ್ತು ಕಿಲೋಮೀಟರ್ ಬಂದ ಮೇಲೆ ಗಾಡಿ ನಿಲ್ಲಿಸಿ, ಮೊದಲು ಕೈ ಹತ್ತಿರ ಹಿಡಿದು ಬಿಸಿಯ ಅಂದಾಜು ತೆಗೆದುಕೊಂಡು, ಆಮೇಲೆ ಹಬ್ಬಿನ ಟೋಪಿಯ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದು ಕೈ ತಡೆದರೆ ಸರಿಯಿದೆ ಎಂದರ್ಥ. ಥಟ್ಟನೆ ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಬೇರಿಂಗು ಬಿಗಿಯಾಗಿದೆ, ಗ್ರೀಸು ಒಣಗಿದೆ, ಅಥವಾ ಉರುಳೆಗಳು ಕೆಟ್ಟಿವೆ. ಎಡಗಾಲಿಯನ್ನೂ ಬಲಗಾಲಿಯನ್ನೂ ಹೋಲಿಸಿ ನೋಡುವುದು ಇನ್ನೂ ಖಚಿತ. ಏಪ್ರಿಲ್ ಬಿಸಿಲಿನಲ್ಲಿ ಸಿಂಧನೂರಿನ ರಸ್ತೆ ಮೇಲೆ ಎಲ್ಲ ಕಬ್ಬಿಣವೂ ಕಾದಿರುತ್ತದೆ, ಆದರೆ ಒಂದು ಹಬ್ಬು ಇನ್ನೊಂದಕ್ಕಿಂತ ಹೆಚ್ಚು ಕಾದಿದ್ದರೆ ಅದು ಬಿಸಿಲಿನ ಕೆಲಸವಲ್ಲ.

ನಿಂತಲ್ಲಿ ಮಾಡುವ ಪರೀಕ್ಷೆಗೆ ಒಂದು ಬದಿಯನ್ನು ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು, ಇನ್ನೊಂದು ಗಾಲಿಗೆ ಅಡೆ ಇಟ್ಟುಕೊಳ್ಳಬೇಕು. ಜಾಕಿನ ಮೇಲಷ್ಟೇ ನಿಂತ ಡಬ್ಬಿಯ ಕೆಳಗೆ ಯಾರೂ ನುಸುಳಬಾರದು. ಟೈರಿನ ಮೇಲ್ತುದಿ, ಕೆಳತುದಿ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಟಕ್ ಎಂದರೆ ಬೇರಿಂಗು ಸಡಿಲ. ಗಾಲಿಯನ್ನು ತಿರುಗಿಸಿಬಿಟ್ಟು ಅಚ್ಚಿನ ಮೇಲೆ ಕೈಯಿಟ್ಟರೆ ಕೆಟ್ಟ ಬೇರಿಂಗಿನ ಕರಕರ ಬೆರಳಿಗೆ ತಿಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಹಬ್ಬನ್ನು ಬಿಚ್ಚಿ, ಹಳೆಯ ಗ್ರೀಸನ್ನು ಪೂರ್ತಿ ತೊಳೆದು, ಉರುಳೆಗಳನ್ನು ಒರೆಸಿ ನೋಡಬೇಕು. ಉಕ್ಕಿನ ಹೊಳಪು ಹಾಗೇ ಇದ್ದರೆ ಇನ್ನೂ ದುಡಿಯುತ್ತದೆ. ನೀಲಿ ಬಣ್ಣ ತಿರುಗಿದ್ದರೆ ಸುಟ್ಟಿದೆ, ಸಣ್ಣ ಗುಳಿಗಳು ಎದ್ದಿದ್ದರೆ ಮುಗಿದಿದೆ. ಹೊಸ ಗ್ರೀಸನ್ನು ಅಂಗೈಯಲ್ಲಿಟ್ಟು ಬೇರಿಂಗಿನ ದೊಡ್ಡ ಬದಿಯಿಂದ ಒತ್ತಿ, ಉರುಳೆಗಳ ಸಂದಿನಿಂದ ಆಚೆ ಹೊರಬರುವ ತನಕ ತುಂಬಬೇಕು. ಹೊರಗಿನಿಂದ ಸವರಿದರೆ ಒಳಗೆ ಇಳಿಯುವುದಿಲ್ಲ. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಿದರೆ ಎರಡೂ ತೆಳುವಾಗಿ ಸೋರಿಹೋಗಬಹುದು. ಜೋಡಿಸುವಾಗ ಗಾಲಿ ತಿರುಗಿಸುತ್ತಲೇ ನಟ್ಟನ್ನು ಬಿಗಿದು, ಗಾಲಿ ತುಸು ಜಡವಾದೊಡನೆ ಒಂದು ಕಚ್ಚಿನಷ್ಟು ಸಡಿಲಿಸಿ ಹೊಸ ಸ್ಪ್ಲಿಟ್ ಪಿನ್ನು ಹಾಕುವುದು ರೂಢಿಯ ಕ್ರಮ. ಒಮ್ಮೆ ಬಾಗಿಸಿ ನೇರ ಮಾಡಿದ ಪಿನ್ನು ಮತ್ತೆ ಬಾಗಿಸಿದಾಗ ಒಳಗೇ ಬಿರಿದಿರುತ್ತದೆ, ಅದನ್ನು ಎರಡನೇ ಬಾರಿ ಬಳಸಬಾರದು. ಸೀಲು ಬದಲಿಸದೆ ಗ್ರೀಸು ಮಾತ್ರ ತುಂಬಿದರೆ ಆ ಗ್ರೀಸು ಬಹಳ ದಿನ ಉಳಿಯುವುದಿಲ್ಲ.

ಹಬ್ಬಿನ ದೊಡ್ಡ ಶತ್ರು ನೀರು. ದೋಣಿ ಹೊರುವ ಟ್ರೇಲರುಗಳ ಅನುಭವದಿಂದ ಹೊಲದ ಟ್ರೇಲರುಗಳು ಕಲಿಯಬೇಕಾದ್ದು ಈ ವಿಷಯದಲ್ಲಿ ಬಹಳ ಇದೆ. ದೋಣಿಯನ್ನು ಇಳಿಸಲು ಟ್ರೇಲರನ್ನು ಗಾಲಿ ಮುಳುಗುವ ತನಕ ನೀರಿಗೆ ಇಳಿಸುತ್ತಾರೆ. ರಸ್ತೆಯಲ್ಲಿ ಓಡಿ ಕಾದ ಹಬ್ಬು ತಣ್ಣೀರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಗ್ರೀಸು ನೀರಿನೊಂದಿಗೆ ಕದಡಿ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಮುಂದೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಅದಕ್ಕೇ ನೀರಿಗಿಳಿಸುವ ಮೊದಲು ಹಬ್ಬು ತಣಿಯಲು ಬಿಡುವುದು ಅಲ್ಲಿನ ನಿಯಮ. ತುಂಗಭದ್ರೆಯ ದಂಡೆಯಲ್ಲಿರುವ ಮುಕ್ಕುಂದದಂಥ ಊರುಗಳಲ್ಲಿ ಹೊಲದ ಟ್ರೇಲರಿಗೂ ಇದೇ ಗತಿ ಬರುತ್ತದೆ. ನದಿಯ ಒದ್ದೆ ಮರಳಿನಲ್ಲಿ, ನಾಟಿಯ ದಿನಗಳಲ್ಲಿ ಸಸಿ ಹೊತ್ತು ನೀರು ನಿಂತ ಗದ್ದೆಯಂಚಿನಲ್ಲಿ, ಮಳೆಗಾಲದ ಹಳ್ಳಗಳಲ್ಲಿ ಗಾಲಿ ಹಬ್ಬಿನ ಮಟ್ಟಕ್ಕೆ ಮುಳುಗುತ್ತದೆ. ಎರೆಮಣ್ಣು ಸೀಲಿನ ಸುತ್ತ ಅಂಟಿ ಒಣಗಿ ಕಲ್ಲಿನಂತಾಗುತ್ತದೆ, ನುಣ್ಣನೆಯ ಮರಳು ಸೀಲಿನ ತುಟಿಯನ್ನೇ ಅರೆದು ಒಳಸೇರುತ್ತದೆ. ಹೀಗೆ ಮುಳುಗಿದ ಗಾಲಿಯ ಟೋಪಿಯನ್ನು ಅದೇ ವಾರದಲ್ಲಿ ಬಿಚ್ಚಿ ಗ್ರೀಸಿನ ಬಣ್ಣ ನೋಡಬೇಕು. ಬಿಳಚಿಕೊಂಡಿದ್ದರೆ ವರ್ಷದ ಗಡುವಿಗೆ ಕಾಯುವಂತಿಲ್ಲ. 2009ರಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದಂಥ ನೆರೆಯ ನೀರಿನಲ್ಲಿ ನಿಂತ ಟ್ರೇಲರಿಗೆ ಹಬ್ಬು ಬಿಚ್ಚಿ ತೊಳೆಯುವುದೇ ಮೊದಲ ಆರೈಕೆ.

ಟೈರಿನ ವಿಷಯದಲ್ಲಿ ಸೀಮೆಗೆ ತಕ್ಕ ತೊಂದರೆಗಳಿವೆ. ಬಳ್ಳಾರಿ ಜಾಲಿಯ ಮುಳ್ಳು ರಬ್ಬರಿನೊಳಗೆ ಮುರಿದು ನಿಂತು ದಿನಗಳ ನಂತರ ಟ್ಯೂಬು ಮುಟ್ಟುತ್ತದೆ. ಯಂತ್ರದಲ್ಲಿ ಕೊಯ್ದ ಭತ್ತದ ಕೂಳೆ ಗಡುಸಾಗಿ ನಿಂತು ಟೈರಿನ ಪಕ್ಕೆಯನ್ನು ತಿವಿಯುತ್ತದೆ. ಲಿಂಗಸುಗೂರು, ಮುದಗಲ್ಲಿನ ಕಡೆಯ ಕಲ್ಲುನೆಲದಲ್ಲಿ ಟೈರು ಕೊಯ್ದುಹೋಗುವುದು ಹೆಚ್ಚು. ಲಾರಿಗೆ ಬೇಡವಾದ ಹಳೆಯ ಟೈರುಗಳನ್ನು ಟ್ರೇಲರಿಗೆ ಹಾಕುವ ರೂಢಿ ವ್ಯಾಪಕವಾಗಿದೆ; ದುಡ್ಡಿನ ಲೆಕ್ಕಕ್ಕೆ ಅದು ಅರ್ಥವಾಗುವ ಮಾತು. ಆದರೆ ಪಕ್ಕೆ ಸೀಳಿದ, ದಾರ ಕಾಣುವ ಟೈರು ಕೊನೆಗೆ ಒಡೆಯುವುದು ಭಾರ ಹೇರಿದ ದಿನವೇ. ಟೈರಿನ ಪಕ್ಕೆಯಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಕಡಿಮೆ ಓಡಿ ಬಿಸಿಲಲ್ಲಿ ನಿಂತ ಟೈರು ಕಚ್ಚು ಉಳಿದಿದ್ದರೂ ಮುದಿಯಾಗಿರುತ್ತದೆ ಎಂಬುದು ಈ ಅಂಕಿಗಳಿಂದ ತಿಳಿಯುತ್ತದೆ. ರಸ್ತೆಗಿಳಿಯುವ ವಾಹನದ ಟೈರಿನ ಕಚ್ಚು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿರುವಾಗ ಅಳೆಯಬೇಕು. ಎರಡು ಬದಿಗೂ ಒಂದೇ ಒತ್ತಡವಿರಬೇಕು, ಇಲ್ಲದಿದ್ದರೆ ಡಬ್ಬಿ ಒಂದು ಕಡೆ ವಾಲಿ ಟ್ರ್ಯಾಕ್ಟರನ್ನೂ ಆ ಕಡೆಗೇ ಎಳೆಯುತ್ತದೆ. ಗಾಲಿಯ ನಟ್ಟುಗಳನ್ನು ಸುತ್ತು ಹಿಡಿದು ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು, ಗಾಲಿ ಬಿಚ್ಚಿ ಹಾಕಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪಾನಾ ಹಾಕಬೇಕು. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲಾಗಿ ಅಲುಗಿದ್ದಕ್ಕೆ ಸಾಕ್ಷಿ.

ಕಮಾನು ಪಟ್ಟಿಗಳಿರುವ ಟ್ರೇಲರಿನಲ್ಲಿ ಪಟ್ಟಿ ಮುರಿದಿದೆಯೇ, ಯು-ಬೋಲ್ಟು ಸಡಿಲಾಗಿದೆಯೇ ಎಂದು ನೋಡಬೇಕು. ಒಂದು ಪಟ್ಟಿ ಮುರಿದರೆ ಅಚ್ಚು ಓರೆಯಾಗಿ, ಟ್ರೇಲರು ಟ್ರ್ಯಾಕ್ಟರಿನ ಜಾಡಿನಲ್ಲಿ ಬರದೆ ಪಕ್ಕಕ್ಕೆ ಸರಿದು ಬರುತ್ತದೆ. ಹಿಂದಿನಿಂದ ನೋಡಿದವರಿಗೆ ಇದು ಥಟ್ಟನೆ ಕಾಣುತ್ತದೆ. ಚೌಕಟ್ಟಿನ ಬಿರುಕು ಬಣ್ಣದ ಕೆಳಗೆ ಅಡಗಿರುತ್ತದೆ. ಮೂತಿಯ ಎರಡು ತೋಳುಗಳು ಚೌಕಟ್ಟಿಗೆ ಸೇರುವ ಮೂಲೆ, ಅಚ್ಚಿನ ಮೇಲಿನ ಬೆಸುಗೆ, ಹಿಂಬಾಗಿಲಿನ ತಿರುಗಣೆ ಇವೇ ಬಿರುಕು ಮೊದಲು ಹುಟ್ಟುವ ಜಾಗಗಳು. ಆಯುಧ ಪೂಜೆಗೆ ಟ್ರ್ಯಾಕ್ಟರು ಟ್ರೇಲರುಗಳನ್ನು ತಿಕ್ಕಿ ತೊಳೆಯುವ ದಿನ ಈ ತಪಾಸಣೆಗೆ ಹೇಳಿ ಮಾಡಿಸಿದಂತಿದೆ. ಮುಂಗಾರು ಭತ್ತದ ಕೊಯ್ಲಿಗೆ ಆಗ ಒಂದೆರಡು ತಿಂಗಳಷ್ಟೇ ಬಾಕಿ ಇರುತ್ತದೆ. ಮಣ್ಣು ಕಳೆದ ಉಕ್ಕಿನ ಮೇಲೆ ಕೂದಲೆಳೆಯಂಥ ಕಂದು ಗೆರೆ ಕಂಡರೆ ಕುಂಕುಮ ಹಚ್ಚುವ ಮೊದಲು ಸೀಮೆಸುಣ್ಣದಿಂದ ಗುರುತು ಮಾಡಿ, ಹಬ್ಬ ಮುಗಿದ ಕೂಡಲೇ ಬೆಸುಗೆಗೆ ಒಯ್ಯಬೇಕು. ಬಿರುಕಿನ ಮೇಲೆ ಬರೀ ಬೆಸುಗೆ ಎಳೆದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬಿರುಕನ್ನು ಉಜ್ಜಿ ತೆರೆದು, ತುಂಬಿ, ಮೇಲೆ ಪಟ್ಟಿ ಕೊಡುವುದು ಸರಿಯಾದ ಕೆಲಸ. ರಸಗೊಬ್ಬರ ಸಾಗಿಸಿದ ಡಬ್ಬಿಯನ್ನು ಅಂದೇ ತೊಳೆಯಬೇಕು, ಏಕೆಂದರೆ ಯೂರಿಯಾ, ಪೊಟ್ಯಾಷು ತೇವ ಹಿಡಿದು ತಗಡನ್ನು ತಿನ್ನುತ್ತವೆ.

ಬ್ರೇಕು ಟ್ರೇಲರಿನ ಅತಿ ದೊಡ್ಡ ಕೊರತೆ. ಹಳ್ಳಿಯ ರಸ್ತೆಗಳಲ್ಲಿ ಓಡುವ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಸ್ವಂತ ಬ್ರೇಕೇ ಇರುವುದಿಲ್ಲ. ಈ ಭಾಗದಲ್ಲಿ ಭತ್ತದ ವ್ಯವಹಾರ ನಡೆಯುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಎಂಬತ್ತು ಚೀಲ ಹೇರಿದರೆ ಆರು ಟನ್ನು, ಡಬ್ಬಿಯ ತೂಕ ಒಂದೂವರೆ ಟನ್ನು ಎಂದಿಟ್ಟುಕೊಂಡರೆ ಏಳೂವರೆ. ಸುಮಾರು ಎರಡು ಟನ್ನಿನ ಟ್ರ್ಯಾಕ್ಟರು ತನ್ನ ಬ್ರೇಕಿನಿಂದ ತನ್ನ ಮೂರೂವರೆ ಪಟ್ಟಿಗಿಂತ ಹೆಚ್ಚಿನ ಭಾರವನ್ನು ತಡೆಯಬೇಕಾಗುತ್ತದೆ. ವೇಗ ಇಪ್ಪತ್ತರಿಂದ ನಲವತ್ತಕ್ಕೆ ಏರಿದರೆ ತಡೆಯಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇಳಿಜಾರಿನಲ್ಲಿ ಥಟ್ಟನೆ ಬ್ರೇಕು ಒತ್ತಿದಾಗ ಹಿಂದಿನ ಭಾರ ಮುನ್ನುಗ್ಗಿ ಟ್ರ್ಯಾಕ್ಟರಿನ ಹಿಂಬದಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಟ್ರ್ಯಾಕ್ಟರಿನ ಎಡ ಬಲ ಬ್ರೇಕುಗಳಿಗೆ ಬೇರೆ ಬೇರೆ ಪೆಡಲುಗಳಿವೆ, ಹೊಲದಲ್ಲಿ ತಿರುವಿಗೆ ಅವು ಅನುಕೂಲ. ರಸ್ತೆಗೆ ಬಂದಾಗ ಅವೆರಡನ್ನೂ ಕೊಕ್ಕೆ ಹಾಕಿ ಜೋಡಿಸಬೇಕು. ಜೋಡಿಸದೆ ಒಂದನ್ನೇ ಒತ್ತಿದರೆ ಭಾರದ ಟ್ರೇಲರಿನೊಂದಿಗೆ ಮಗುಚುವ ಸಾಧ್ಯತೆ ಬಹಳ ಹೆಚ್ಚು. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬರಬೇಕು, ನ್ಯೂಟ್ರಲಿನಲ್ಲಿ ಇಳಿಯಬಾರದು. ಸಿಂಧನೂರಿನ ಸಪಾಟು ರಸ್ತೆಗಳಲ್ಲಿ ಇದರ ಅರಿವು ಅಷ್ಟಾಗಿ ಬರುವುದಿಲ್ಲ. ಮಸ್ಕಿ, ಲಿಂಗಸುಗೂರಿನ ಏರಿಳಿತಗಳಲ್ಲಿ, ನಾಲೆಯ ಏರಿ ಹತ್ತಿ ಇಳಿಯುವ ಕಿರಿದಾದ ದಾರಿಗಳಲ್ಲಿ ಅದು ಜೀವದ ಪ್ರಶ್ನೆ. ಮೂತಿ ಒತ್ತಿಕೊಂಡಾಗ ತಾನೇ ಹಿಡಿಯುವ ಬ್ರೇಕುಗಳು ದೋಣಿ ಟ್ರೇಲರುಗಳಲ್ಲಿ ಬಹುಕಾಲದಿಂದ ಇವೆ. ಹೊಸ ಟ್ರೇಲರು ಕಟ್ಟಿಸುವವರು ಬಣ್ಣ, ಬೋರ್ಡು, ಹಾಡಿನ ಪೆಟ್ಟಿಗೆಗಿಂತ ಮೊದಲು ಬ್ರೇಕಿಗೆ ಹಣ ಹಾಕುವುದು ಯೋಗ್ಯ.

ಭಾರವನ್ನು ಎಷ್ಟು ಹೇರಿದರು ಎಂಬಷ್ಟೇ ಮುಖ್ಯ ಎಲ್ಲಿ ಹೇರಿದರು ಎಂಬುದು. ಎರಡು ಗಾಲಿಯ ಟ್ರೇಲರಿನಲ್ಲಿ ಚೀಲಗಳನ್ನು ಹಿಂದಕ್ಕೆ ಒಟ್ಟಿದರೆ ಮೂತಿ ಮೇಲಕ್ಕೆ ಎತ್ತಿ ಟ್ರ್ಯಾಕ್ಟರಿನ ಹಿಂಗಾಲಿಯ ಹಿಡಿತ ತಪ್ಪುತ್ತದೆ, ಡಬ್ಬಿ ಹಾವಿನಂತೆ ಹೊರಳಾಡುತ್ತದೆ. ತೀರಾ ಮುಂದಕ್ಕೆ ಒಟ್ಟಿದರೆ ಟ್ರ್ಯಾಕ್ಟರಿನ ಮುಂಗಾಲಿ ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ. ಮುಂದಿನಿಂದ ಹೇರುತ್ತ ಹೋಗಿ, ಇಳಿಸುವಾಗ ಹಿಂದಿನಿಂದ ಇಳಿಸುತ್ತ ಬರುವುದು ಸುರಕ್ಷಿತ. ಮುಂದಿನ ಚೀಲಗಳನ್ನು ಮೊದಲು ಇಳಿಸಿದರೆ ಕೊಂಡಿ ಬಿಚ್ಚಿದ ಡಬ್ಬಿ ಹಿಂದಕ್ಕೆ ಮಗುಚಬಹುದು. ಮರಳಿನ ತೂಕ ಕಣ್ಣಿಗೆ ಮೋಸ ಮಾಡುತ್ತದೆ. ಒಂದು ಘನ ಮೀಟರ್ ಒಣ ಮರಳು ಸುಮಾರು 1.6 ಟನ್ನು, ಒದ್ದೆಯಾದರೆ ಇನ್ನೂ ಹೆಚ್ಚು. ಡಬ್ಬಿ ಅರ್ಧ ತುಂಬಿದಂತೆ ಕಾಣುವಾಗಲೇ ಅಚ್ಚು ತನ್ನ ಮಿತಿ ಮುಟ್ಟಿರುತ್ತದೆ.

ಭತ್ತದ ಹುಲ್ಲಿನದು ಇದಕ್ಕೆ ವಿರುದ್ಧ ಸಮಸ್ಯೆ. ತೂಕ ಕಡಿಮೆ, ಎತ್ತರ ಅಗಲ ಹೆಚ್ಚು. ಎತ್ತರಕ್ಕೆ ಒಟ್ಟಿದ ಹುಲ್ಲು ಜೋತುಬಿದ್ದ ವಿದ್ಯುತ್ ತಂತಿಗೆ ತಾಗಿ ಕಿಡಿ ಹಾರಿ ಹೊರೆಯೆಲ್ಲ ಉರಿದುಹೋಗುವುದು ಪ್ರತಿ ಸುಗ್ಗಿಯಲ್ಲೂ ಕನ್ನಡ ನಾಡಿನ ಎಲ್ಲೋ ಒಂದು ಕಡೆ ನಡೆಯುತ್ತದೆ. ಹೊರೆಯ ಮೇಲೆ ಒಬ್ಬ ಕೂತು ತಂತಿಯನ್ನು ಕೋಲಿನಿಂದ ಎತ್ತಿ ದಾಟಿಸುವ ಪದ್ಧತಿ ಪ್ರಾಣಕ್ಕೆ ಎರವಾಗುವಂಥದ್ದು, ಹಸಿ ಕೋಲಾದರಂತೂ ವಿದ್ಯುತ್ತು ನೇರ ಕೈಗೆ ಇಳಿಯುತ್ತದೆ. ಹೊರಡುವ ಮೊದಲೇ ದಾರಿಯ ತಂತಿಗಳನ್ನು ನೋಡಿಕೊಂಡು ಹೊರೆಯ ಎತ್ತರ ನಿರ್ಧರಿಸಬೇಕು. ಡಬ್ಬಿ ಎತ್ತಿ ಸುರಿಯುವಾಗಲೂ ಇದೇ ಎಚ್ಚರ ಬೇಕು. ಡಬ್ಬಿಗೆ ತಂತಿ ತಾಗಿದ್ದರೆ ಚಾಲಕ ಕೂತಲ್ಲೇ ಇರುವುದು ಮೇಲು. ಬೆಂಕಿಯಿಂದಾಗಿ ಇಳಿಯಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ದೂರಕ್ಕೆ ನೆಗೆಯಬೇಕು.

ನಾಟಿಗೆ, ಕಳೆಗೆ, ಜಾತ್ರೆಗೆ ಜನರನ್ನು ಡಬ್ಬಿಯಲ್ಲಿ ತುಂಬಿ ಒಯ್ಯುವುದು ಕಾನೂನಿಗೆ ವಿರುದ್ಧ. ಅದಕ್ಕೆ ಕಾರಣ ಡಬ್ಬಿಯ ರಚನೆಯಲ್ಲೇ ಇದೆ. ಹಿಡಿಯಲು ಆಸರೆ ಇಲ್ಲ, ನಿಲ್ಲಿಸಲು ಬ್ರೇಕು ಇಲ್ಲ, ಮಗುಚಿದರೆ ಕಬ್ಬಿಣದ ಪೆಟ್ಟಿಗೆ ಜನರ ಮೇಲೆಯೇ ಬೋರಲಾಗುತ್ತದೆ. ನಾಲೆಗೆ ಉರುಳಿದಾಗ ಈಜು ಬಲ್ಲವರೂ ಹೊರಬರುವುದು ಕಷ್ಟ. ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಬೇರೆ ವಾಹನ ಒದಗಿಸುವುದು ಒಡೆಯನ ಹೊಣೆ. ಯಾವ ತಪಾಸಣೆಯೂ ಟ್ರೇಲರನ್ನು ಜನ ಕೂರುವ ಗಾಡಿಯಾಗಿ ಮಾಡಲಾರದು.

ಕತ್ತಲಾದ ಮೇಲೆ ಟ್ರೇಲರಿನ ಸುರಕ್ಷತೆ ಹಿಂದಿನಿಂದ ಬರುವವರ ಕಣ್ಣಿಗೆ ಬೀಳುವುದರ ಮೇಲೆ ನಿಂತಿದೆ. ಲಿಂಗಸುಗೂರು, ಮಸ್ಕಿ, ಸಿಂಧನೂರನ್ನು ಪೋಣಿಸಿಕೊಂಡು ಬಳ್ಳಾರಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಕಾರು ಲಾರಿಗಳು ಟ್ರ್ಯಾಕ್ಟರಿನ ಎರಡು ಮೂರು ಪಟ್ಟು ವೇಗದಲ್ಲಿ ಬರುತ್ತವೆ. ಟ್ರ್ಯಾಕ್ಟರಿನ ಸ್ವಂತ ಹಿಂಬದಿಯ ದೀಪ ಡಬ್ಬಿಯ ಮರೆಗೆ ಹೋಗುವುದರಿಂದ ಟ್ರೇಲರಿಗೆ ಬೇರೆಯೇ ಕೆಂಪು ದೀಪ, ಬ್ರೇಕ್ ದೀಪ, ತಿರುವಿನ ದೀಪಗಳು ಬೇಕು. ತಂತಿಯ ಸಾಕೆಟ್ಟು ಮಣ್ಣು ತುಂಬಿ ಕೆಡುವುದೇ ಹೆಚ್ಚು. ಬಳಸದಾಗ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟರೂ ಎಷ್ಟೋ ಮೇಲು. ದೀಪ ಕೈಕೊಟ್ಟಾಗ ಉಳಿಯುವುದು ಪ್ರತಿಫಲಕ ಪಟ್ಟಿ. ಹಿಂದೆ ಕೆಂಪು, ಬದಿಗೆ ಹಳದಿ ಪಟ್ಟಿಗಳನ್ನು ಅಂಟಿಸಿ, ಹೊರಡುವಾಗ ಒಮ್ಮೆ ಬಟ್ಟೆಯಿಂದ ಒರೆಸಬೇಕು. ಹುಲ್ಲಿನ ಹೊರೆ ಅವುಗಳನ್ನು ಮುಚ್ಚಿದರೆ ಹೊರೆಯ ಹಿಂದೆಯೇ ಮತ್ತೊಂದು ಪಟ್ಟಿ ಕಟ್ಟಬೇಕು. ಕೆಟ್ಟು ನಿಂತಾಗ ಗಾಲಿಗೆ ಕೊಟ್ಟ ದಪ್ಪ ಕಲ್ಲುಗಳನ್ನು ರಸ್ತೆಯ ಮೇಲೇ ಬಿಟ್ಟು ಹೋಗುವುದು ಬೈಕಿನಲ್ಲಿ ಬರುವವರ ಪ್ರಾಣ ತೆಗೆಯುವ ಅಭ್ಯಾಸ. ಹಗ್ಗ ಕಟ್ಟಿದ ಎರಡು ಮರದ ಅಡೆಗಳು ಸದಾ ಡಬ್ಬಿಯಲ್ಲೇ ಇದ್ದರೆ ಕಲ್ಲು ಹುಡುಕುವ ಪ್ರಮೇಯವೇ ಬರುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನು ಟ್ರ್ಯಾಕ್ಟರಿನ ಭಾಗವೆಂದು ನೋಡದೆ ಪ್ರತ್ಯೇಕ ವಾಹನವೆಂದು ನೋಡುತ್ತದೆ. ರಾಯಚೂರಿನ ಕೆಎ 36 ಸರಣಿಯಲ್ಲಿ ಟ್ರ್ಯಾಕ್ಟರಿಗೊಂದು, ಟ್ರೇಲರಿಗೊಂದು ಸಂಖ್ಯೆ ಸಿಗುತ್ತದೆ. ವಿಮೆಯ ಕಾಗದದಲ್ಲಿ ಟ್ರೇಲರಿನ ಸಂಖ್ಯೆಯೂ ಇದೆಯೇ ಎಂದು ನೋಡಿಕೊಳ್ಳಬೇಕು. ಟ್ರ್ಯಾಕ್ಟರಿಗೆ ಮಾತ್ರ ವಿಮೆಯಿದ್ದರೆ ಅಪಘಾತದ ಪರಿಹಾರ ತೆರುವಾಗ ಹೊಲವೇ ಮಾರಿಹೋಗುವ ಪರಿಸ್ಥಿತಿ ಬರಬಹುದು. ಕಾಯ್ದೆಯ 2019ರ ತಿದ್ದುಪಡಿಯಂತೆ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹೆಚ್ಚಿನ ಭಾರ ಇಳಿಸುವ ತನಕ ವಾಹನ ಮುಂದೆ ಹೋಗುವಂತಿಲ್ಲ.

ಹೈಡ್ರಾಲಿಕ್ ಟ್ರೇಲರಿಗೆ ಇನ್ನೊಂದಿಷ್ಟು ಆರೈಕೆ ಸೇರುತ್ತದೆ. ಎಣ್ಣೆಯ ಪೈಪು ಬಿಸಿಲಿಗೆ ಬಿರಿದು, ಬಾಗುವ ಜಾಗದಲ್ಲಿ ಉಬ್ಬುತ್ತದೆ. ಸೋರುವ ಜಾಗವನ್ನು ಬೆರಳಿಟ್ಟು ಹುಡುಕಬಾರದು, ಒತ್ತಡದ ಎಣ್ಣೆ ಸೂಜಿಯಂತೆ ಚರ್ಮ ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಬೇಕು. ಎತ್ತಿದ ಡಬ್ಬಿಯ ಕೆಳಗೆ ಕೆಲಸವಿದ್ದರೆ ಉಕ್ಕಿನ ಊರೆ ಕೊಡದೆ ತಲೆ ಹಾಕಬಾರದು. ಒಂದು ಗಾಲಿ ತಗ್ಗಿನಲ್ಲಿರುವಾಗ ಡಬ್ಬಿ ಎತ್ತಿದರೆ ಭಾರ ಒಂದೇ ಬದಿಗೆ ಜಾರಿ ಟ್ರೇಲರು ಅಡ್ಡ ಬೀಳುತ್ತದೆ. ಒದ್ದೆ ಮರಳು, ಜಿಗುಟು ಎರೆಮಣ್ಣು ಸಮನಾಗಿ ಜಾರದೆ ಅಂಟಿಕೊಂಡು ನಿಲ್ಲುವುದರಿಂದ ಸಪಾಟು ನೆಲದಲ್ಲೂ ಎಚ್ಚರ ಬೇಕು.

ದಿನದ ತಪಾಸಣೆಗೆ ಐದು ನಿಮಿಷ ಸಾಕು. ಪಿನ್ನು, ಅದರ ಕೀಲು, ಗಾಳಿ, ನಟ್ಟು, ಹಿಂಬಾಗಿಲಿನ ಚಿಲಕ, ದೀಪ ಇವುಗಳನ್ನು ಒಂದು ಸುತ್ತು ಬರುತ್ತ ನೋಡಿದರೆ ಮುಗಿಯಿತು. ತಿಂಗಳಿಗೊಮ್ಮೆ ಕಮಾನು, ತಿರುಗುಮಣೆ, ಕೊಂಡಿಗಳಿಗೆ ಗ್ರೀಸು ಹಾಕಬೇಕು. ಬೇಸಿಗೆಯ ಭತ್ತ ಮನೆ ಸೇರಿ ನಾಲೆಗೆ ನೀರು ಬಿಡುವುದು ನಿಂತಿರುವ ತಿಂಗಳುಗಳು ದೊಡ್ಡ ಕೆಲಸಕ್ಕೆ ಒದಗುತ್ತವೆ. ಆಗ ಹಬ್ಬು ಬಿಚ್ಚಿ ಗ್ರೀಸು ಬದಲಿಸಿ, ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಕೊಡಬಹುದು. ಮಳೆ ಬಂದು ಕೆಲಸ ಶುರುವಾಗುವ ತನಕ ಟ್ರೇಲರನ್ನು ನಿಲ್ಲಿಸುವಾಗ ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು ಟೈರಿನ ಮೇಲಿನ ಭಾರ ತೆಗೆಯಬೇಕು. ಮೂತಿಯನ್ನು ಸ್ಟ್ಯಾಂಡಿನ ಮೇಲೆ ತುಸು ಎತ್ತರಕ್ಕೆ ನಿಲ್ಲಿಸಿ, ಹಿಂಬಾಗಿಲು ತೆರೆದಿಟ್ಟರೆ ಮಳೆನೀರು ಡಬ್ಬಿಯಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಟೈರುಗಳಿಗೆ ಗೋಣಿಚೀಲ ಹೊದಿಸಿ, ಪಿನ್ನು ಮತ್ತು ಕೀಲುಗಳಿಗೆ ಗ್ರೀಸು ಸವರಿ ಮನೆಯೊಳಗೆ ತೆಗೆದಿಡಬೇಕು.